ಮುಖ್ಯಸ್ಥರ ಕುರ್ಚಿಗೆ ಹೊಸ ಹೆಸರುಗಳು: ಕೊಡಗಿನ ಜೀವವಿಜ್ಞಾನ ಸಂಸ್ಥೆಗಳಿಗೊಂದು ನೇಮಕಾತಿ ಮಾರ್ಗದರ್ಶಿ

ಕೊಡಗಿನ ಒಂದು ಖಾಸಗಿ ಲ್ಯಾಬ್‌ನಲ್ಲೋ, ಅಂಗಾಂಶ ಕೃಷಿ ಘಟಕದಲ್ಲೋ, ರೈತ ಉತ್ಪಾದಕರ ಕಂಪನಿಯಲ್ಲೋ ಮುಖ್ಯಸ್ಥರ ಹುದ್ದೆ ಖಾಲಿಯಾದರೆ, ಜಾಹೀರಾತು ಕೊಡುವ ಮೊದಲೇ ಮೂರ್ನಾಲ್ಕು ಹೆಸರು ಫೋನಿನಲ್ಲಿ ಬಂದಿರುತ್ತವೆ. ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿದ ಒಬ್ಬ ಅಧಿಕಾರಿ, ದೊಡ್ಡ ತೋಟವೊಂದರ ಮ್ಯಾನೇಜರ್, ಬೆಂಗಳೂರಿನ ಔಷಧ ಕಂಪನಿಯಲ್ಲಿರುವ ನಿರ್ದೇಶಕರೊಬ್ಬರ ನೆಂಟ. ಮೂವರೂ ಯೋಗ್ಯರೇ ಇರಬಹುದು. ಆದರೆ ಮೂವರೂ ಒಂದೇ ಬಳಗದವರು, ಮೂವರೂ ಗಂಡಸರು. ಆ ಬಳಗದ ಆಚೆ ಇರುವವರಿಗೆ ಹುದ್ದೆ ಖಾಲಿ ಇದೆ ಎಂಬುದು ಗೊತ್ತಾಗುವ ಹೊತ್ತಿಗೆ ಹೊಸಬರು ಅಧಿಕಾರ ವಹಿಸಿಕೊಂಡಾಗಿರುತ್ತದೆ.

ಮೇಲಿನ ಹುದ್ದೆಗಳಲ್ಲಿ ವೈವಿಧ್ಯ ಇಲ್ಲದ್ದಕ್ಕೆ ಸಂದರ್ಶನ ಸಮಿತಿಯ ಪೂರ್ವಗ್ರಹವನ್ನು ದೂರುವುದು ವಾಡಿಕೆ. ಅದೂ ಇದೆ. ಆದರೆ ಬಹುಪಾಲು ತೀರ್ಮಾನ ಸಂದರ್ಶನಕ್ಕೆ ಮುಂಚೆಯೇ, ಅರ್ಹತೆ ಬರೆಯುವಾಗ ಮತ್ತು ಹೆಸರು ಕೂಡಿಸುವಾಗ ಆಗಿಹೋಗಿರುತ್ತದೆ. ಉಳಿದದ್ದು ಸಂದರ್ಶನ ಮುಗಿದ ಮೇಲೆ, ಆಫರ್ ಪತ್ರದಲ್ಲಿ ಮತ್ತು ಮೊದಲ ಆರು ತಿಂಗಳಲ್ಲಿ ಕೆಡುತ್ತದೆ. ಹಾಗಾಗಿ ಇಲ್ಲಿ ಆ ಎರಡು ತುದಿಗಳ ಮೇಲೆ ಹೆಚ್ಚು ಬರೆದಿದೆ.

ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಮಡಿಕೇರಿಯ ವೈದ್ಯಕೀಯ ಕಾಲೇಜು ಇವುಗಳಿಗೆ ನೇಮಕಾತಿ ಸರ್ಕಾರಿ ನಿಯಮ, ಮೀಸಲಾತಿ ಪ್ರಕಾರವೇ ನಡೆಯುವುದರಿಂದ ಈ ಲೇಖನ ಅವಕ್ಕಲ್ಲ. ಇದು ಖಾಸಗಿ ಘಟಕ, ಟ್ರಸ್ಟ್, ಉತ್ಪಾದಕರ ಕಂಪನಿಗಳ ಆಡಳಿತ ಮಂಡಳಿಗಳಿಗೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು, ಮತ್ತು 100 ಕೋಟಿ ರೂಪಾಯಿ ಪಾವತಿಸಿದ ಬಂಡವಾಳ ಅಥವಾ 300 ಕೋಟಿ ವಹಿವಾಟಿರುವ ಪಬ್ಲಿಕ್ ಕಂಪನಿಗಳು ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿಯನ್ನು ಹೊಂದಿರಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಇಲ್ಲಿನ ಹೆಚ್ಚಿನ ಘಟಕಗಳು ಆ ಮಿತಿಗಿಂತ ಎಷ್ಟೋ ಚಿಕ್ಕವು. ಕಾನೂನು ಕತ್ತು ಹಿಡಿದು ಮಾಡಿಸುವುದಿಲ್ಲ, ಮಂಡಳಿಯೇ ಮನಸ್ಸು ಮಾಡಬೇಕು.

ವಿವರಣೆಗೆ ಒಂದು ಘಟಕವನ್ನು ಊಹಿಸಿಕೊಳ್ಳೋಣ. ಗೋಣಿಕೊಪ್ಪಲಿನ ಬಳಿ ಟ್ರೈಕೋಡರ್ಮ, ಸ್ಯೂಡೋಮೊನಾಸ್ ಎಂಬ ಬೆಳೆರೋಗ ತಡೆಯುವ ಸೂಕ್ಷ್ಮಜೀವಿಗಳ ಪುಡಿ ತಯಾರಿಸಿ ಕಾಫಿ, ಕಾಳುಮೆಣಸು ಬೆಳೆಗಾರರಿಗೆ ಮಾರುವ ಘಟಕ. ದುಡಿಯುವವರು 60 ಜನ. ಮುಖ್ಯಸ್ಥರ ಸಂಬಳ ವರ್ಷಕ್ಕೆ 30 ಲಕ್ಷ.

ಮೊದಲು ಕ್ಯಾಲೆಂಡರ್ ನೋಡಿ

ಅವಸರದ ನೇಮಕಾತಿ ಯಾವಾಗಲೂ ಗೊತ್ತಿದ್ದವರ ಕಡೆಗೇ ಜಾರುತ್ತದೆ. ಹೊರಗಿನ ಹೆಸರು ಹುಡುಕಲು, ಒಪ್ಪಿಸಲು ಸಮಯ ಬೇಕು. ಹುಡುಕಾಟ ಶುರುವಾಗಿ ಆಫರ್ ಕೊಡುವವರೆಗೆ 16ರಿಂದ 20 ವಾರ ಇಟ್ಟುಕೊಳ್ಳಿ. ಆಮೇಲೆ ಅಭ್ಯರ್ಥಿಯ ನೋಟಿಸ್ ಅವಧಿ. ಔಷಧ ಮತ್ತು ಜೈವಿಕ ತಂತ್ರಜ್ಞಾನ ಕಂಪನಿಗಳ ಹಿರಿಯ ಹುದ್ದೆಗಳಲ್ಲಿ ಅದು ಸಾಮಾನ್ಯವಾಗಿ 90 ದಿನ.

ಕೊಡಗಿನ ಮಟ್ಟಿಗೆ ಹೊಂದುವ ಲೆಕ್ಕ ಹೀಗೆ: ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಹುದ್ದೆಯ ವಿವರ ಬರೆಯಿರಿ. ಅಕ್ಟೋಬರ್, ನವೆಂಬರ್‌ನಲ್ಲಿ ಹೆಸರು ಹುಡುಕಿ ಮಾತಾಡಿಸಿ. ಸುಗ್ಗಿ ಹಬ್ಬ ಪುತ್ತರಿ ಕಳೆದು ಜನವರಿ ಮೊದಲ ಹದಿನೈದು ದಿನಗಳಲ್ಲಿ ಸಂದರ್ಶನ, ಆ ತಿಂಗಳೊಳಗೆ ಆಫರ್. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೋಟಿಸ್ ಅವಧಿ ಕಳೆದು ಮೇ ತಿಂಗಳಲ್ಲಿ ಕೆಲಸಕ್ಕೆ ಸೇರಿದರೆ ಶಾಲೆ ತೆರೆಯುವ ಮೊದಲು ಮಕ್ಕಳನ್ನು ಸೇರಿಸಬಹುದು, ಮಳೆ ಹಿಡಿಯುವ ಮೊದಲು ಮನೆ ಮಾಡಬಹುದು. ಜನವರಿ ರೊಬಸ್ಟಾ ಕುಯ್ಲಿನ ಕಾಲ, ನಿರ್ದೇಶಕರೆಲ್ಲ ತೋಟದಲ್ಲಿರುತ್ತಾರೆ. ಆದ್ದರಿಂದ ಸಂದರ್ಶನದ ದಿನಾಂಕಗಳನ್ನು ಅಕ್ಟೋಬರ್‌ನಲ್ಲೇ ಬರೆಸಿಕೊಳ್ಳಿ. ಏಪ್ರಿಲ್, ಮೇಗೆ ಸಂದರ್ಶನ ಇಟ್ಟರೆ ಕೊಡವ ಕುಟುಂಬಗಳ ಹಾಕಿ ಹಬ್ಬದ ವಾರಾಂತ್ಯಗಳಲ್ಲಿ ಕೋರಂ ಕೂಡುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಇಟ್ಟರೆ ಹೊರಗಿನಿಂದ ಬರುವ ಅಭ್ಯರ್ಥಿಗೆ ಘಾಟಿ ರಸ್ತೆ ತೆರೆದಿರುತ್ತದೋ ಇಲ್ಲವೋ ಎಂಬ ಚಿಂತೆ.

ಮೊದಲ ಸಭೆಯಲ್ಲೇ ಆಯ್ಕೆ ಸಮಿತಿ ಮಾಡಿ. ಐದು ಜನ ಸಾಕು: ಇಬ್ಬರು ನಿರ್ದೇಶಕರು, ಹೊರಗಿನ ಒಬ್ಬ ವಿಷಯ ತಜ್ಞರು, ಘಟಕದಲ್ಲಿ ಮುಖ್ಯಸ್ಥರ ಕೆಳಗಿನ ಎರಡನೇ ಸಾಲಿನಲ್ಲಿ ಕೆಲಸ ಮಾಡುವ ಒಬ್ಬರು, ನಿಮ್ಮ ಉತ್ಪನ್ನ ಬಳಸುವ ಬೆಳೆಗಾರರೊಬ್ಬರು. ಐವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಲಿ. ಒಬ್ಬರೇ ಇದ್ದರೆ ಅವರ ಮಾತು ‘ಮೇಡಂ ಹಂಗಂತಾರೆ’ ಎಂಬಲ್ಲಿಗೆ ನಿಂತುಬಿಡುತ್ತದೆ.

ರೈತ ಉತ್ಪಾದಕರ ಕಂಪನಿಗಳು ಇನ್ನೊಂದು ವಿಷಯ ಗಮನಿಸಬೇಕು. ಕಂಪನಿ ಕಾಯ್ದೆ ಪ್ರಕಾರ ಅಲ್ಲಿ ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರು ಇರಲೇಬೇಕು, ಮತ್ತು ಅವರು ಸದಸ್ಯರಾಗಿರಬಾರದು. ಸದಸ್ಯರ ಮಗ ಸದಸ್ಯನಲ್ಲವಲ್ಲ! ಈ ಸಂದಿಯಲ್ಲಿ ನುಸುಳುವ ನೇಮಕ ತಡೆಯಬೇಕಾದರೆ, ಅಭ್ಯರ್ಥಿಗೆ ನೆಂಟರಾದ ನಿರ್ದೇಶಕರು ಸಮಿತಿಯಿಂದ ಹೊರಗುಳಿಯಬೇಕೆಂದು ನಡಾವಳಿಯಲ್ಲಿ ಬರೆಸಿ. ಕೊಡಗಿನಲ್ಲಿ ಕೆದಕುತ್ತಾ ಹೋದರೆ ಎಲ್ಲರೂ ಎಲ್ಲರಿಗೂ ನೆಂಟರೇ. ಹಾಗಾಗಿ ನೆಂಟರೆಂದರೆ ಯಾರೆಂದೂ ಬರೆಯಿರಿ: ಒಂದೇ ಒಕ್ಕದವರು (ಒಂದೇ ಮೂಲ ಮನೆತನದವರು), ತಾಯಿಯ ತವರಿನವರು, ಮದುವೆಯಿಂದ ಹತ್ತಿರದ ಸಂಬಂಧವಾದವರು. ಅದಕ್ಕಿಂತ ದೂರದ್ದನ್ನು ಬಿಡಿ, ಇಲ್ಲದಿದ್ದರೆ ಸಮಿತಿಯೇ ಉಳಿಯುವುದಿಲ್ಲ.

ಅರ್ಹತೆ ಬರೆಯುವಾಗಲೇ ಅರ್ಧ ಜನ ಹೊರಗೆ

ನಮ್ಮ ಊಹೆಯ ಘಟಕಕ್ಕೆ ಸಾಮಾನ್ಯವಾಗಿ ಬರೆಯುವ ವಿವರ ಹೀಗಿರುತ್ತದೆ: ‘ಪ್ಲಾಂಟೇಷನ್ ಕ್ಷೇತ್ರದಲ್ಲಿ 15 ವರ್ಷದ ಅನುಭವ ಕಡ್ಡಾಯ. ಕೃಷಿ ಪದವೀಧರರಾಗಿರಬೇಕು. ಕಾರ್ಮಿಕರನ್ನು ನಿಭಾಯಿಸುವ ಗಟ್ಟಿತನ ಬೇಕು. ಸ್ಥಳೀಯ ಪರಿಸರಕ್ಕೆ ಹೊಂದಿಕೊಳ್ಳುವವರಿಗೆ ಆದ್ಯತೆ.’

ಒಂದೊಂದೇ ಸಾಲು ಬಿಡಿಸಿ ನೋಡಿ. ತೋಟಗಳ ಮ್ಯಾನೇಜರ್ ಹುದ್ದೆಗೆ ಮಹಿಳೆಯರನ್ನು ತೆಗೆದುಕೊಳ್ಳುವ ಪದ್ಧತಿಯೇ ದಶಕಗಳ ಕಾಲ ಇರಲಿಲ್ಲ. ‘15 ವರ್ಷ ಪ್ಲಾಂಟೇಷನ್’ ಅಂದಾಗಲೇ ಅವರು ಹೊರಗಾದರು. ಅಷ್ಟಕ್ಕೂ ಈ ಹುದ್ದೆಗೆ ಬೇಕಾದದ್ದು ತೋಟ ನಡೆಸುವ ಅನುಭವವಲ್ಲ, ಹುದುಗು ಟ್ಯಾಂಕು ಮತ್ತು ಪ್ಯಾಕಿಂಗ್ ನಡೆಸುವ ಅನುಭವ. ‘ಗಟ್ಟಿತನ’ ಅಂದರೆ ಓದುವವರಿಗೆ ಎತ್ತರದ ದನಿಯ ಗಂಡಸೇ ಕಾಣುತ್ತಾನೆ. ಗಂಡಸುತನ ಸೂಚಿಸುವ ಪದಗಳು ತುಂಬಿದ ಜಾಹೀರಾತು ಮಹಿಳೆಯರಿಗೆ ‘ಇದು ನನಗಲ್ಲ’ ಅನ್ನಿಸುತ್ತದೆ, ಕೆಲಸ ಮಾಡುವ ಸಾಮರ್ಥ್ಯ ಇದ್ದರೂ ಕೂಡ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿದೆ. ‘ಹೊಂದಿಕೊಳ್ಳುವವರು’ ಎಂಬ ಪದವಂತೂ ಖಾಲಿ ಗೋಣಿ, ಸಮಿತಿ ತನಗೆ ಬೇಕಾದ್ದನ್ನೆಲ್ಲ ಅದಕ್ಕೆ ತುಂಬಬಹುದು.

ಇದರ ಬದಲು ಮೊದಲ 18 ತಿಂಗಳಲ್ಲಿ ಆ ವ್ಯಕ್ತಿ ಮುಗಿಸಬೇಕಾದ ಕೆಲಸ ಬರೆಯಿರಿ. ನಾಲ್ಕೈದಕ್ಕಿಂತ ಹೆಚ್ಚು ಬೇಡ:

- ಎರಡು ಉತ್ಪನ್ನಗಳಿಗೆ ಕೇಂದ್ರೀಯ ಕೀಟನಾಶಕ ಮಂಡಳಿಯ ನೋಂದಣಿ ಸಮಿತಿಯಿಂದ ಪೂರ್ಣ ನೋಂದಣಿ ತರುವುದು (ಈಗಿರುವುದು ತಾತ್ಕಾಲಿಕ).
- ಮಳೆಗಾಲದ ಬ್ಯಾಚ್‌ಗಳ ಗುಣಮಟ್ಟ ಬೇಸಿಗೆಯಷ್ಟೇ ಇರುವಂತೆ ಮಾಡುವುದು.
- 60 ಜನರ ತಂಡದಲ್ಲಿ ಪಾಳಿ ಮೇಲ್ವಿಚಾರಕರನ್ನು ತಯಾರು ಮಾಡುವುದು.
- ಬೆಳೆಗಾರರ ದೂರಿಗೆ ಏಳು ದಿನದೊಳಗೆ ಲಿಖಿತ ಉತ್ತರ ಹೋಗುವ ವ್ಯವಸ್ಥೆ ಕಟ್ಟುವುದು.

ಇಷ್ಟು ಬರೆದಮೇಲೆ ಅರ್ಹತೆ ತಾನಾಗಿ ಅಗಲವಾಗುತ್ತದೆ. ಔಷಧ ಕಂಪನಿಯಲ್ಲಿ ಗುಣಮಟ್ಟ ಖಾತ್ರಿ ನೋಡಿಕೊಂಡವರು, ಆಹಾರ ಸಂಸ್ಕರಣೆಯವರು, ಡೈರಿ ಲ್ಯಾಬ್ ನಡೆಸಿದವರು, ಸೂಕ್ಷ್ಮಜೀವಿ ವಿಜ್ಞಾನ ಓದಿ ನೋಂದಣಿ ಕಡತ ತಯಾರಿಸಿದವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ‘ಕಡ್ಡಾಯ’ ಎಂಬ ಪಟ್ಟಿಯಲ್ಲಿ ನಾಲ್ಕು ಅಂಶ ದಾಟಬೇಡಿ. ಕಾಫಿ ಬಗ್ಗೆ ಗೊತ್ತಿರಬೇಕು ಎಂಬಂಥದ್ದು ಆರು ತಿಂಗಳಲ್ಲಿ ಕಲಿಯಬಹುದಾದ್ದು, ಕಡ್ಡಾಯಕ್ಕೆ ಸೇರಿಸಬೇಡಿ.

ಜಾಹೀರಾತಿನಲ್ಲಿ ‘ಪುರುಷರಿಗೆ ಆದ್ಯತೆ’ ಎಂದು ಹಾಕುವುದು ಕಾನೂನುಬಾಹಿರ. ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ. ಉತ್ಸಾಹದಲ್ಲಿ ‘ಮಹಿಳೆಯರಿಗೆ ಮಾತ್ರ’ ಎಂದು ಹಾಕುವುದೂ ಬೇಡ. ಪಟ್ಟಿ ಅಗಲ ಮಾಡಿ, ಆಯ್ಕೆಯನ್ನು ಅಂಕಕ್ಕೆ ಬಿಡಿ.

ಹೆಸರು ಹುಡುಕುವ ಕೆಲಸ

ಒಂದು ಹುದ್ದೆಗೆ 60ರಿಂದ 80 ಹೆಸರು ಬೇಕು. ಹತ್ತು ಹೆಸರಿನ ಪಟ್ಟಿಯಲ್ಲಿ ವೈವಿಧ್ಯ ಹುಡುಕಲು ಹೋದರೆ ಒಂದೆರಡು ಹೆಸರನ್ನು ಅಲಂಕಾರಕ್ಕೆ ಸೇರಿಸಿದಂತಾಗುತ್ತದೆ. ಎಲ್ಲಿಂದ ತರುವುದು?

ಪೊನ್ನಂಪೇಟೆಯ ಅರಣ್ಯ ಕಾಲೇಜು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಚಿಕ್ಕ ಅಳುವಾರದ ಜ್ಞಾನಕಾವೇರಿ ಆವರಣ ಇವುಗಳ ಹಳೆಯ ವಿದ್ಯಾರ್ಥಿಗಳ ಗುಂಪುಗಳಿಂದ ಶುರು ಮಾಡಿ. ಇಲ್ಲಿ ಆಗುವ ತಪ್ಪು ಏನೆಂದರೆ ಗುಂಪಿನ ಅಧ್ಯಕ್ಷರನ್ನು ಕೇಳುವುದು. ಅವರು ತಮ್ಮ ಬ್ಯಾಚಿನ ಸ್ನೇಹಿತರ ಹೆಸರು ಕೊಡುತ್ತಾರೆ. ಪೂರ್ತಿ ಪಟ್ಟಿ ಕೇಳಿ, ಈಗ ಎಲ್ಲಿದ್ದಾರೆಂದು ನೀವೇ ಹುಡುಕಿ.

ಸಂಶೋಧನಾ ಲೇಖನಗಳು ಎರಡನೇ ಗಣಿ. ಕಾಳುಮೆಣಸಿನ ಸೊರಗು ರೋಗ, ಜೈವಿಕ ನಿಯಂತ್ರಣ, ಕಾಫಿಯ ಕಾಂಡಕೊರಕ ಕುರಿತು ಹತ್ತು ವರ್ಷಗಳಲ್ಲಿ ಬಂದ ಲೇಖನಗಳ ಲೇಖಕರನ್ನು ಪಟ್ಟಿ ಮಾಡಿ. ಮೊದಲ ಮತ್ತು ಕೊನೆಯ ಹೆಸರನ್ನು ಎಲ್ಲರೂ ನೋಡುತ್ತಾರೆ. ಲ್ಯಾಬ್ ನಿಜವಾಗಿ ನಡೆಸಿದವರು ಎಷ್ಟೋ ಸಲ ಮಧ್ಯದ ಹೆಸರುಗಳು.

ಮೂರನೆಯದು ಬೊಮ್ಮಸಂದ್ರ, ಜಿಗಣಿ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳಲ್ಲಿ ಗುಣಮಟ್ಟ, ನೋಂದಣಿ ವಿಭಾಗಗಳ ಎರಡನೇ ಸಾಲು. ಮಾರಾಟ ಮತ್ತು ಉತ್ಪಾದನಾ ವಿಭಾಗಗಳಿಗಿಂತ ಈ ವಿಭಾಗಗಳಲ್ಲಿ ಮಹಿಳೆಯರು ಹೆಚ್ಚು. ಮುಖ್ಯಸ್ಥರ ಹುದ್ದೆಗೆ ಹೆಸರು ಕೇಳುವಾಗ ಮಾತ್ರ ಏಜೆನ್ಸಿಗಳು ಮಾರಾಟ, ಉತ್ಪಾದನೆಯನ್ನೇ ಮೊದಲು ನೋಡುತ್ತವೆ.

ಕೆಲಸ ಬಿಟ್ಟು ಮತ್ತೆ ವಿಜ್ಞಾನಕ್ಕೆ ಮರಳಿದ ಮಹಿಳೆಯರಿಗೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಬಯೋಕೇರ್, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಎಂಬ ಯೋಜನೆಗಳಿವೆ. ಅವುಗಳಿಂದ ನೆರವು ಪಡೆದವರಲ್ಲಿ ಸ್ವಂತವಾಗಿ ಯೋಜನೆ ನಡೆಸಿದ, ಹಣದ ಲೆಕ್ಕ ಒಪ್ಪಿಸಿದ ಅನುಭವವಿರುವವರು ಸಿಗುತ್ತಾರೆ. ಮಧ್ಯೆ ಐದು ವರ್ಷ ಖಾಲಿ ಕಂಡರೆ ಅರ್ಜಿ ಪಕ್ಕಕ್ಕಿಡುವ ಚಾಳಿ ಇದ್ದಲ್ಲಿ ಇವರೆಲ್ಲ ಮೊದಲ ದಿನವೇ ಹೋಗುತ್ತಾರೆ.

ಕೊನೆಯ ಮೂಲ ಕೊಡಗಿನೊಳಗೇ ಇದೆ, ಯಾವ ಏಜೆನ್ಸಿಯ ಕಣ್ಣಿಗೂ ಬೀಳುವುದಿಲ್ಲ. ಜೀವರಸಾಯನ, ಸೂಕ್ಷ್ಮಜೀವಿ ವಿಜ್ಞಾನ ಓದಿ, ಬೆಂಗಳೂರು ಮೈಸೂರುಗಳಲ್ಲಿ ಕೆಲಸ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದವರು. ಕೇಳಿದರೆ ‘ತೋಟ ನೋಡ್ಕೊಂಡಿದೀನಿ ಅಷ್ಟೇ’ ಅನ್ನುತ್ತಾರೆ. ಆ ‘ಅಷ್ಟೇ’ಯಲ್ಲಿ ಕೂಲಿ ಬಟವಾಡೆ, ಪ್ರಮಾಣೀಕರಣದ ದಾಖಲೆ, ಬ್ಯಾಂಕ್ ಸಾಲ, ಹೋಂಸ್ಟೇ ಲೆಕ್ಕ ಎಲ್ಲ ಇರುತ್ತದೆ. ಇವರನ್ನು ಹುಡುಕಲು ಮಹಿಳಾ ಕಾಫಿ ಬೆಳೆಗಾರರ ಗುಂಪುಗಳು, ಸ್ವಸಹಾಯ ಸಂಘಗಳು, ಕಾಲೇಜು ಅಧ್ಯಾಪಕರು ನೆರವಾಗುತ್ತಾರೆ.

ಮೊದಲ ಫೋನಿಗೆ ಹಲವರು ‘ನಂಗೆ ಅಷ್ಟೆಲ್ಲ ಬರಲ್ಲ’ ಅಂದೇ ಅನ್ನುತ್ತಾರೆ. ಅಲ್ಲಿಗೆ ಬಿಡಬೇಡಿ. ಹದಿನೆಂಟು ತಿಂಗಳ ಕೆಲಸದ ಪಟ್ಟಿ ಕಳಿಸಿ, ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿ: ‘ಈ ನಾಲ್ಕರಲ್ಲಿ ಯಾವುದು ನೀವು ಮಾಡಿದ್ದೀರಿ, ಯಾವುದು ಮಾಡಿಲ್ಲ?’ ಎರಡನೇ ಫೋನಿನಲ್ಲಿ ಮಾತು ಬೇರೆಯೇ ಆಗುತ್ತದೆ.

ಏಜೆನ್ಸಿಗೆ ಕೊಡುವುದಾದರೆ

ಮುಖ್ಯಸ್ಥರನ್ನು ಹುಡುಕಿಕೊಡುವ ಏಜೆನ್ಸಿಗಳು ಸಾಮಾನ್ಯವಾಗಿ ಮೊದಲ ವರ್ಷದ ಸಂಬಳದ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಕೇಳುತ್ತವೆ. 30 ಲಕ್ಷಕ್ಕೆ ಏಳೂವರೆಯಿಂದ ಹತ್ತು ಲಕ್ಷ, ಅದರ ಮೇಲೆ 18% ಜಿಎಸ್‌ಟಿ. ಚಿಕ್ಕ ಘಟಕಕ್ಕೆ ಇದು ಭಾರ. ಹಣ ಇಲ್ಲದಿದ್ದರೆ ಒಳಗಿನ ಇಬ್ಬರಿಗೆ ಎರಡು ತಿಂಗಳು ಅರ್ಧ ದಿನ ಬಿಡುವು ಕೊಟ್ಟು ಹೆಸರು ಹುಡುಕಿಸಿ, ಕೆಲಸ ಆಗುತ್ತದೆ.

ಕೊಡುವುದಾದರೆ ಕರಾರಿನಲ್ಲಿ ಮೂರು ವಿಷಯ ಇರಲಿ. ಒಂದು, ಕಂತುಗಳು ದಿನಾಂಕಕ್ಕಲ್ಲ, ಕೆಲಸಕ್ಕೆ ಕಟ್ಟುಬಿದ್ದಿರಬೇಕು. ಎರಡನೇ ಕಂತು ಅಗಲವಾದ ದೊಡ್ಡ ಪಟ್ಟಿ ಕೈಗೆ ಬಂದ ಮೇಲೆ. ಎರಡು, ಯಾವ ಕಂಪನಿಗಳಿಂದ ಜನರನ್ನು ಕರೆಯುವಂತಿಲ್ಲ ಎಂಬ ನಿರ್ಬಂಧ ಏಜೆನ್ಸಿಗಿದೆ ಎಂದು ಲಿಖಿತವಾಗಿ ಕೇಳಿ. ತಮ್ಮ ಗಿರಾಕಿ ಕಂಪನಿಗಳಿಂದ ಯಾರನ್ನೂ ಎಳೆಯಬಾರದೆಂಬ ಕಟ್ಟುಪಾಡು ದೊಡ್ಡ ಏಜೆನ್ಸಿಗಳಿಗಿರುತ್ತದೆ. ನಿಮಗೆ ಬೇಕಾದ ಜನ ಆ ಕಂಪನಿಗಳಲ್ಲೇ ಇದ್ದರೆ ಹಣ ಕೊಟ್ಟೂ ಪ್ರಯೋಜನವಿಲ್ಲ. ಮೂರು, ನೇಮಕವಾದವರು ವರ್ಷದೊಳಗೆ ಬಿಟ್ಟರೆ ಮತ್ತೆ ಉಚಿತವಾಗಿ ಹುಡುಕಿಕೊಡಬೇಕು. ‘ಈ ಕ್ಷೇತ್ರದಲ್ಲಿ ಮಹಿಳೆಯರು ಸಿಗಲ್ಲ ಸಾರ್’ ಎಂಬ ಉತ್ತರ ಬಂದರೆ, ಯಾರ್ಯಾರನ್ನು ಸಂಪರ್ಕಿಸಿದಿರಿ, ಏನಂದರು ಎಂಬ ಪಟ್ಟಿ ಕೇಳಿ. ಪಟ್ಟಿ ಇರುವುದಿಲ್ಲ.

ಅರ್ಜಿ ಸೋಸುವುದು

2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಬ್ ಮ್ಯಾನೇಜರ್ ಹುದ್ದೆಯ ಒಂದೇ ಅರ್ಜಿಯನ್ನು ಅರ್ಧ ಜನಕ್ಕೆ ಜಾನ್ ಎಂಬ ಹೆಸರಿನಲ್ಲಿ, ಉಳಿದವರಿಗೆ ಜೆನಿಫರ್ ಎಂಬ ಹೆಸರಿನಲ್ಲಿ ಕಳಿಸಿದರು. ಓದಿದವರು ವಿಜ್ಞಾನದ ಅಧ್ಯಾಪಕರು. ಜಾನ್‌ನನ್ನು ಹೆಚ್ಚು ಸಮರ್ಥ ಎಂದರು, ಹೆಚ್ಚು ಸಂಬಳವನ್ನೂ ಬರೆದರು. ಹಾಗೆ ಮಾಡಿದವರಲ್ಲಿ ಮಹಿಳಾ ಅಧ್ಯಾಪಕರೂ ಇದ್ದರು. 2007ರಲ್ಲಿ ಭಾರತದಲ್ಲೇ ನಡೆದ ಅಧ್ಯಯನದಲ್ಲಿ, ಸಮಾನ ಅರ್ಹತೆಯಿದ್ದರೂ ದಲಿತ ಅಡ್ಡಹೆಸರಿನ ಅರ್ಜಿಗಳಿಗೆ ಖಾಸಗಿ ಕಂಪನಿಗಳಿಂದ ಮರುಕರೆ ಕಡಿಮೆ ಬಂತು.

ಕೊಡಗಿನಲ್ಲಿ ಹೆಸರು ಇನ್ನೂ ಹೆಚ್ಚು ಮಾತಾಡುತ್ತದೆ. ಮನೆ ಹೆಸರು ಕೇಳಿದರೆ ಸಾಕು, ಯಾವ ಒಕ್ಕ, ಯಾವ ನಾಡು, ಯಾರ ಮೊಮ್ಮಗ ಎನ್ನುವವರೆಗೆ ಲೆಕ್ಕ ಹಾಕಿಬಿಡುತ್ತಾರೆ. ಮನೆ ಹೆಸರೇ ಇಲ್ಲದಿದ್ದರೆ ಅದೂ ಒಂದು ಸುಳಿವು. ಆದ್ದರಿಂದ ಅರ್ಜಿಯಿಂದ ಹೆಸರೊಂದನ್ನು ಅಳಿಸಿದರೆ ಸಾಲದು. ಊರು, ತಂದೆ ಅಥವಾ ಗಂಡನ ಹೆಸರು, ಫೋಟೊ, ಓದಿದ ಪ್ರೌಢಶಾಲೆ, ಸಮಾಜ ಮತ್ತು ಕ್ಲಬ್‌ಗಳ ಸದಸ್ಯತ್ವ, ‘ಕುಟುಂಬದ ಹಾಕಿ ತಂಡದ ನಾಯಕ’ ಎಂಬಂಥ ಸಾಲುಗಳೂ ಹೋಗಬೇಕು. ಕಚೇರಿಯ ಒಬ್ಬರು ಪ್ರತಿ ಅರ್ಜಿಯಿಂದ ಒಂದು ಪುಟದ ಸಾರಾಂಶ ತೆಗೆದು, ಸಂಖ್ಯೆ ಹಾಕಿ ಸಮಿತಿಗೆ ಕೊಡಲಿ. ಅದರಲ್ಲಿರಬೇಕಾದ್ದು: ಪದವಿ, ಮಾಡಿದ ಕೆಲಸ, ಎಷ್ಟು ಜನರ ತಂಡ, ಎಷ್ಟು ಹಣದ ಹೊಣೆ, ನಿಮ್ಮ ನಾಲ್ಕು ಅಂಶಗಳಿಗೆ ಒಂದೊಂದು ಪುರಾವೆ.

ಇದಕ್ಕೂ ಮಿತಿ ಇದೆ. ಸಣ್ಣ ಜಿಲ್ಲೆ, ಹುದ್ದೆಗಳ ವಿವರ ನೋಡಿಯೇ ಯಾರೆಂದು ಹೇಳಬಲ್ಲವರು ಸಮಿತಿಯಲ್ಲಿರುತ್ತಾರೆ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಅಂಕವನ್ನು ಚರ್ಚೆಗೆ ಮೊದಲೇ ಬರೆದು ಕೊಡುವ ನಿಯಮ ಸೇರಿಸಿ. ಆಮೇಲೆ ಮಾತಾಡಲಿ. ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರ ಅಂಕ ಅವರ ಕಡೆಗೇ ಸರಿಯುತ್ತದೆ.

ಜಾತಿ, ಅಂಗವೈಕಲ್ಯ ಮೊದಲಾದ ವಿವರ ಬೇಕಿದ್ದರೆ ಬೇರೆ ಹಾಳೆಯಲ್ಲಿ, ಇಷ್ಟವಿದ್ದವರು ಮಾತ್ರ ತುಂಬುವಂತೆ, ಒಪ್ಪಿಗೆ ಸಹಿಯೊಂದಿಗೆ ಕೇಳಿ. ಅದು ಸಮಿತಿಯ ಕೈಗೆ ಹೋಗಬಾರದು. ಅದರ ಉಪಯೋಗ ಒಂದೇ: ಯಾವ ಹಂತದಲ್ಲಿ ಯಾರು ಬಿದ್ದುಹೋದರು ಎಂದು ಲೆಕ್ಕ ಹಾಕಲು. ಉದಾಹರಣೆಗೆ 80 ಹೆಸರಿನಲ್ಲಿ 32 ಮಹಿಳೆಯರಿದ್ದು, ಆಸಕ್ತಿ ತೋರಿಸಿದ 18 ಜನರಲ್ಲಿ ಮೂವರೇ ಮಹಿಳೆಯರು ಉಳಿದರೆ ದೋಷ ಸಂಪರ್ಕಿಸಿದ ರೀತಿಯಲ್ಲಿ ಅಥವಾ ಹುದ್ದೆಯ ಷರತ್ತಿನಲ್ಲಿದೆ. 18ರಲ್ಲಿ ಎಂಟು ಮಂದಿ ಇದ್ದು ಕೊನೆಯ ನಾಲ್ವರಲ್ಲಿ ಒಬ್ಬರೂ ಇಲ್ಲದಿದ್ದರೆ ದೋಷ ಸಮಿತಿಯಲ್ಲಿದೆ.

ಕೊನೆಯ ಸುತ್ತಿಗೆ ನಾಲ್ವರನ್ನು ಕರೆಯುವುದಾದರೆ ಹೊರಗಿನ ಬಳಗದ ಇಬ್ಬರಾದರೂ ಇರುವಷ್ಟು ಮೊದಲ ಪಟ್ಟಿ ಗಟ್ಟಿಯಾಗಿರಲಿ. ಕೊನೆಯ ಸುತ್ತಿನಲ್ಲಿ ಒಬ್ಬರೇ ಮಹಿಳೆ ಇದ್ದಾಗ ಆಯ್ಕೆಯಾಗುವ ಸಾಧ್ಯತೆ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಇಬ್ಬರಾದೊಡನೆ ಚಿತ್ರ ಬದಲಾಗುತ್ತದೆ ಎಂದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ವರದಿ ಮಾಡಿದರು. ಒಬ್ಬರೇ ಇದ್ದಾಗ ಸಮಿತಿಗೆ ಕಾಣುವುದು ‘ಆ ಮಹಿಳೆ’, ಇಬ್ಬರಿದ್ದಾಗ ಇಬ್ಬರು ಅಭ್ಯರ್ಥಿಗಳು.

ಸಂದರ್ಶನ: ‘ಯಾವ ಊರು, ಯಾರ ಮನೆ?’ ಬೇಡ

ಕೊಡಗಿನಲ್ಲಿ ಯಾರೇ ಎದುರಾದರೂ ಮೊದಲು ಕೇಳುವ ಪ್ರಶ್ನೆ ಇದು. ಮನೆ ಜಗಲಿಯಲ್ಲಿ ಅದು ಆದರ, ಸಂದರ್ಶನದಲ್ಲಿ ಅದು ತಕ್ಕಡಿಗೆ ಇಟ್ಟ ಬೆರಳು. ಉತ್ತರ ಪರಿಚಿತವಾದರೆ ಮುಂದಿನ ಹತ್ತು ನಿಮಿಷ ನೆಂಟಸ್ತಿಕೆ ಮಾತು, ಆ ಅಭ್ಯರ್ಥಿ ಸಲೀಸಾಗಿ ಕೂರುತ್ತಾರೆ. ಪರಿಚಿತವಲ್ಲದವರಿಗೆ ಆ ಹತ್ತು ನಿಮಿಷ ಸಿಗುವುದಿಲ್ಲ.

ಗಂಡ ಎಲ್ಲಿದ್ದಾರೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಮದುವೆ ಯಾವಾಗ ಎಂಬ ಪ್ರಶ್ನೆಗಳೂ ಬೇಡ. ಕೆಲಸದ ಬೇಡಿಕೆಯ ಬಗ್ಗೆ ನಿಜವಾದ ಆತಂಕ ಇದ್ದರೆ ಎಲ್ಲರಿಗೂ ಒಂದೇ ಮಾತಿನಲ್ಲಿ ಕೇಳಿ: ‘ತಿಂಗಳಿಗೆ ಎಂಟು ದಿನ ತೋಟಗಳಿಗೆ ಹೋಗಬೇಕು, ವರ್ಷಕ್ಕೆ ನಾಲ್ಕೈದು ಸಲ ದೆಹಲಿಗೆ. ಇದಕ್ಕೆ ನಮ್ಮಿಂದ ನಿಮಗೆ ಏನು ವ್ಯವಸ್ಥೆ ಬೇಕು?’

ಪ್ರಶ್ನೆಗಳು ಆರು, ಎಲ್ಲರಿಗೂ ಅವೇ ಆರು, ಅದೇ ಕ್ರಮದಲ್ಲಿ. ಪ್ರತಿ ಉತ್ತರಕ್ಕೆ 1ರಿಂದ 5 ಅಂಕ. 1 ಎಂದರೆ ಏನು, 5 ಎಂದರೆ ಏನು ಎಂದು ಮೊದಲೇ ಬರೆದಿರಬೇಕು. ಹರಟೆಯಂತೆ ಸಾಗುವ ಸಂದರ್ಶನಕ್ಕಿಂತ ಹೀಗೆ ಕಟ್ಟಿದ ಸಂದರ್ಶನ ಮುಂದಿನ ಕೆಲಸವನ್ನು ಚೆನ್ನಾಗಿ ಸೂಚಿಸುತ್ತದೆ ಎಂಬುದು ದಶಕಗಳ ಅಧ್ಯಯನಗಳಿಂದ ಸ್ಪಷ್ಟ.

ಅದಕ್ಕಿಂತ ಮುಖ್ಯ, ಕೆಲಸದ ಒಂದು ತುಣುಕನ್ನು ಕೈಗೆ ಕೊಟ್ಟು ನೋಡುವುದು. ನಮ್ಮ ಘಟಕಕ್ಕೆ ಒಂದು ಹಾಳೆ ಹೀಗೆ ತಯಾರಿಸಬಹುದು. ಟ್ರೈಕೋಡರ್ಮ ಪುಡಿಯಲ್ಲಿ ಒಂದು ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕು, ತೇವಾಂಶ 8% ಮೀರಬಾರದು ಎಂಬುದು ನೋಂದಣಿಯ ಮಾನದಂಡ. ಹಾಳೆಯಲ್ಲಿ ನಾಲ್ಕು ಬ್ಯಾಚ್:

- ಜನವರಿ: 240 ಲಕ್ಷ ಕಣ, ತೇವಾಂಶ 6.5%
- ಏಪ್ರಿಲ್: 210 ಲಕ್ಷ, 7%
- ಜುಲೈ: 60 ಲಕ್ಷ, 8.9%
- ಆಗಸ್ಟ್: 14 ಲಕ್ಷ, 11%

ಕೆಳಗೆ ಮೂರು ಟಿಪ್ಪಣಿ: ಜೂನ್‌ನಿಂದ ಪ್ಯಾಕಿಂಗ್ ಕವರ್ ಹೊಸ ಸರಬರಾಜುದಾರರದ್ದು, ಜುಲೈ ಎರಡನೇ ವಾರ ಮೂರು ದಿನ ಕರೆಂಟ್ ಇರಲಿಲ್ಲ, ಆಗಸ್ಟ್ ಬ್ಯಾಚ್‌ನಲ್ಲಿ 400 ಕಿಲೋ ಈಗಾಗಲೇ ಸಿದ್ದಾಪುರ, ಸುಂಟಿಕೊಪ್ಪದ ಅಂಗಡಿಗಳಿಗೆ ಹೋಗಿದೆ. ಪ್ರಶ್ನೆ: ಮೊದಲ 24 ಗಂಟೆಯಲ್ಲಿ ಏನು ಮಾಡುತ್ತೀರಿ, ಯಾರಿಗೆ ಏನು ಹೇಳುತ್ತೀರಿ? ಓದಲು 40 ನಿಮಿಷ, ಉತ್ತರಕ್ಕೆ 20.

ಅಂಕ ಕೊಡುವಾಗ ಎಡವುವುದು ಇಲ್ಲೇ. ಡ್ರೈಯರ್ ಬದಲಾಯಿಸಬೇಕು, ಡೀಸೆಲ್ ಜನರೇಟರ್ ಹಾಕಬೇಕು ಎಂದು ಎತ್ತರದ ದನಿಯಲ್ಲಿ ಹೇಳಿದವರಿಗೆ ಸಮಿತಿ ಪೂರ್ತಿ ಅಂಕ ಕೊಟ್ಟುಬಿಡುತ್ತದೆ. ಅವರು ಅಂಗಡಿಗೆ ಹೋದ 400 ಕಿಲೋ ಮಾತೇ ಎತ್ತಿರುವುದಿಲ್ಲ. ಮಳೆಗಾಲ ಮೆಣಸಿನ ಬಳ್ಳಿ ಸೊರಗುವ ಕಾಲ, ಬೆಳೆಗಾರ ಆ ಪುಡಿಯನ್ನು ನಂಬಿ ಬುಡಕ್ಕೆ ಹಾಕುತ್ತಾನೆ. ಆದ್ದರಿಂದ ಮಾಲು ವಾಪಸ್ ತರಿಸುವುದು, ಜುಲೈ ಬ್ಯಾಚ್‌ನ ತೇವಾಂಶವೂ ಮಿತಿ ಮೀರಿದ್ದನ್ನು ಗುರುತಿಸಿ ತಡೆಹಿಡಿಯುವುದು, ಬೆಳೆಗಾರರಿಗೆ ನೇರವಾಗಿ ತಿಳಿಸುವುದು ಇವಕ್ಕೆ ಹತ್ತರಲ್ಲಿ ಆರು ಅಂಕ ಎಂದು ಮೊದಲೇ ನಿಗದಿ ಮಾಡಿ. ಕಾರಣ ಹುಡುಕುವ ಕ್ರಮಕ್ಕೆ ಮೂರು, ಮಾತಿನ ಸೊಗಸಿಗೆ ಒಂದು. ಹೀಗೆ ಮಾಡಿದಾಗ ಮೆಲ್ಲನೆ ಮಾತಾಡುವ ಗುಣಮಟ್ಟ ವಿಭಾಗದವರು ಮೇಲೆ ಬರುವುದನ್ನು ಕಾಣಬಹುದು.

ಹಿಂದಿನ ಸಹೋದ್ಯೋಗಿಗಳನ್ನು ವಿಚಾರಿಸುವಾಗಲೂ ಎಲ್ಲರ ಬಗ್ಗೆ ಅವೇ ಪ್ರಶ್ನೆ, ಅಭ್ಯರ್ಥಿಯ ಒಪ್ಪಿಗೆ ಪಡೆದ ಮೇಲೆ. ಕೈಕೆಳಗೆ ಕೆಲಸ ಮಾಡಿದ ಒಬ್ಬರನ್ನಾದರೂ ಕೇಳಿ. ಕ್ಲಬ್‌ನಲ್ಲಿ ಯಾರೋ ಹೇಳಿದ ‘ಆಕೆ ಸ್ವಲ್ಪ ಜೋರು’ ಎಂಬ ಮಾತನ್ನು ಕಡತಕ್ಕೆ ಸೇರಿಸಬೇಡಿ. ಗಂಡಸಾಗಿದ್ದರೆ ಅದೇ ಗುಣ ಶಿಸ್ತು ಎನಿಸಿಕೊಳ್ಳುತ್ತಿತ್ತು.

ಆಫರ್ ಪತ್ರ ಮತ್ತು ಮನೆ, ರಸ್ತೆ, ಶೌಚಾಲಯ

ಈಗಿನ ಸಂಬಳ ಎಷ್ಟು ಎಂದು ಕೇಳಿ ಅದರ ಮೇಲೆ 20% ಸೇರಿಸುವ ಪದ್ಧತಿ ಹಳೆಯ ಅನ್ಯಾಯವನ್ನೇ ಮುಂದುವರಿಸುತ್ತದೆ. ಹುದ್ದೆಗೆ 27ರಿಂದ 32 ಲಕ್ಷ ಎಂಬಂತೆ ಮೊದಲೇ ನಿಗದಿ ಮಾಡಿ, ಎಲ್ಲರಿಗೂ ತಿಳಿಸಿ.

ಕೊಡಗಿಗೆ ರೈಲಿಲ್ಲ. ಬೆಂಗಳೂರು 250 ಕಿಲೋಮೀಟರ್ ಆಸುಪಾಸು. ಹೊರಗಿನಿಂದ ಬರುವವರು ಆಫರ್ ಒಪ್ಪಿ ಕೊನೆಗೆ ಕೈಕೊಡುವುದು ಹೆಚ್ಚಾಗಿ ಸಂಬಳಕ್ಕಲ್ಲ, ಮನೆಮಂದಿಯ ವ್ಯವಸ್ಥೆಗೆ. ಅದಕ್ಕೇ ಆಫರ್‌ಗೆ ಮೊದಲು ಎರಡು ದಿನ ಕುಟುಂಬ ಸಮೇತ ಕರೆಸಿ ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ತೋರಿಸಿ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಹೇಗಿರುತ್ತದೆಂದು ಮುಚ್ಚಿಡದೆ ಹೇಳಿ, ಮನೆಗೆ ಇನ್ವರ್ಟರ್ ಕೊಡಿಸಿ. ಸಂಗಾತಿಗೆ ಇಲ್ಲಿ ಕೆಲಸ ಸಿಗದಿದ್ದರೆ ತಿಂಗಳಿಗೆ ಒಂದು ವಾರ ದೂರದಿಂದ ಕೆಲಸ ಮಾಡುವ ಅವಕಾಶ ಬರೆದುಕೊಡಿ.

ಸಿದ್ದಾಪುರ, ತಿತಿಮತಿ ಕಡೆ ಆನೆ ಓಡಾಟದ ರಸ್ತೆಗಳಲ್ಲಿ ನಸುಕಿಗೆ, ಕತ್ತಲಾದ ಮೇಲೆ ಯಾರೂ ಕ್ಷೇತ್ರ ಭೇಟಿಗೆ ಹೋಗಬಾರದು ಎಂಬ ನಿಯಮ ಮಾಡಿ. ಇದು ಗಂಡಸರಿಗೂ ಅನ್ವಯಿಸಬೇಕು, ಇಲ್ಲದಿದ್ದರೆ ‘ಮೇಡಂ ರಾತ್ರಿ ಹೋಗಲ್ಲ’ ಎಂಬ ದೂರಾಗುತ್ತದೆ. ಕ್ಷೇತ್ರ ಪ್ರಯೋಗ ನಡೆಯುವ ತೋಟಗಳಲ್ಲಿ ಬಳಸಬಹುದಾದ ಶೌಚಾಲಯ ಇದೆಯೇ ಎಂದು ಸೇರುವ ಮೊದಲು ಯಾರಾದರೂ ಹೋಗಿ ನೋಡಿ ಬರಲಿ. ಮಂಡಳಿಯ ಸಭೆಯಲ್ಲಿ ಈ ವಿಷಯ ಎತ್ತಿದರೆ ಮುಜುಗರದ ನಗು ಬರುತ್ತದೆ, ಬರಲಿ.

60 ಜನರ ಘಟಕಕ್ಕೆ ಕಾನೂನಿನ ಮೂರು ಹೊಣೆ ಹೇಗೂ ಇವೆ: ಹತ್ತು ಅಥವಾ ಹೆಚ್ಚು ಜನ ಇದ್ದರೆ ಲೈಂಗಿಕ ಕಿರುಕುಳ ದೂರಿಗೆ ಆಂತರಿಕ ಸಮಿತಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸಮಾನ ಅವಕಾಶ ನೀತಿ, 50 ಅಥವಾ ಹೆಚ್ಚು ಜನ ಇದ್ದರೆ ಶಿಶುಪಾಲನಾ ವ್ಯವಸ್ಥೆ. ಹೊಸ ಮುಖ್ಯಸ್ಥರು ಬರುವ ಮೊದಲೇ ಇವು ಕಾಗದದಲ್ಲಲ್ಲ, ಕಟ್ಟಡದಲ್ಲಿ ಇರಲಿ.

ಘಟಕ ನಷ್ಟದಲ್ಲಿದ್ದರೆ ಲೆಕ್ಕಪತ್ರ ಪೂರ್ತಿ ತೋರಿಸಿ. ಕಂಪನಿ ಕುಸಿಯುವ ಹೊತ್ತಿಗೆ ಮಹಿಳೆಯನ್ನು ಮೇಲೆ ಕೂರಿಸಿ, ಬಿದ್ದಮೇಲೆ ಆಕೆಯ ತಲೆಗೆ ಕಟ್ಟುವ ಪ್ರವೃತ್ತಿಯನ್ನು ಬ್ರಿಟನ್ನಿನ ಎಕ್ಸಿಟರ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲೇ ಗುರುತಿಸಿದ್ದರು.

ಮೊದಲ ಆರು ತಿಂಗಳು

ಸೇರಿದ ದಿನವೇ ಲಿಖಿತವಾಗಿ ಕೊಡಬೇಕಾದ್ದು ಹಣಕಾಸಿನ ಅಧಿಕಾರ: ಎಷ್ಟು ರೂಪಾಯಿವರೆಗೆ ಸ್ವಂತ ಸಹಿ, ಯಾರನ್ನು ನೇಮಿಸಬಹುದು, ಯಾವ ಬ್ಯಾಚ್ ತಡೆಯಬಹುದು. ಹಳೆಯ ಮ್ಯಾನೇಜರ್ ನೇರವಾಗಿ ಸಂಸ್ಥಾಪಕರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯುವುದು ಒಂದು ಸಲ ನಡೆದರೆ, ಹೊಸ ಮುಖ್ಯಸ್ಥರು ಹೆಸರಿಗಷ್ಟೇ ಆಗುತ್ತಾರೆ. ‘ಅವರನ್ನೇ ಕೇಳಪ್ಪ’ ಎಂದು ಫೋನ್ ಇಡುವುದು ಸಂಸ್ಥಾಪಕರ ಕೆಲಸ.

ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ? ನಿರ್ದೇಶಕರಲ್ಲಿ ಕೊಡವ ತಕ್ಕ್, ಅರೆಭಾಷೆ ಮಾತಾಡುವವರು ಇದ್ದು ಮಾತು ಬಿಸಿಯಾದೊಡನೆ ಅದಕ್ಕೆ ತಿರುಗಿದರೆ ಹೊರಗಿನಿಂದ ಬಂದವರು ಮೂಕರಾಗುತ್ತಾರೆ. ಎಲ್ಲರಿಗೂ ಬರುವ ಭಾಷೆಯಲ್ಲೇ ಚರ್ಚೆ, ಕನ್ನಡದಲ್ಲಿ ನಡಾವಳಿ. ಇನ್ನು ಭಾನುವಾರ ಸಂಜೆ ಕ್ಲಬ್ಬಿನಲ್ಲಿ ತೀರ್ಮಾನವಾದದ್ದನ್ನು ಸೋಮವಾರ ಸಭೆಯಲ್ಲಿ ಓದಿ ಸಹಿ ಹಾಕುವ ಅಭ್ಯಾಸ ಇದ್ದರೆ, ಮೇಲಿನ ಎಲ್ಲ ಕೆಲಸವೂ ನೀರಿನಲ್ಲಿ ಹೋಮ.

ಎರಡನೇ ಸಾಲು

ಎರವ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳಿಂದ ಇವತ್ತೇ ಮುಖ್ಯಸ್ಥರನ್ನು ಹುಡುಕುತ್ತೇವೆ ಎಂದು ಹೇಳುವುದು ಮಾತಿನ ಬಣ್ಣ. ಜೀವವಿಜ್ಞಾನ ಓದಿ ಹತ್ತು ಹದಿನೈದು ವರ್ಷ ಕೆಲಸ ಮಾಡಿದವರು ಆ ಸಮುದಾಯಗಳಲ್ಲಿ ತೀರಾ ಕಡಿಮೆ, ಯಾವ ಏಜೆನ್ಸಿಯೂ ಇಲ್ಲದವರನ್ನು ತಂದುಕೊಡುವುದಿಲ್ಲ. ಇದಕ್ಕೆ ಬೇರೆ ದಾರಿ ಬೇಕು, ಅದನ್ನು ಹೊಸ ಮುಖ್ಯಸ್ಥರ ಹದಿನೆಂಟು ತಿಂಗಳ ಪಟ್ಟಿಯಲ್ಲೇ ಸೇರಿಸಬೇಕು. ಪ್ಯಾಕಿಂಗ್, ನರ್ಸರಿ ವಿಭಾಗದಲ್ಲಿ ಈಗಾಗಲೇ ಇರುವವರಲ್ಲಿ ಪಿಯುಸಿ ವಿಜ್ಞಾನ ಅಥವಾ ಡಿಪ್ಲೊಮಾ ಮುಗಿಸಿದ ಇಬ್ಬರನ್ನು ವರ್ಷಕ್ಕೆ ಆರಿಸಿ ಲ್ಯಾಬ್‌ಗೆ ತನ್ನಿ. ಪದವಿ ಶುಲ್ಕ ಘಟಕ ಕಟ್ಟಲಿ, ಓದಲು ವಾರಕ್ಕೊಂದು ದಿನ ಸಂಬಳ ಸಹಿತ ಬಿಡಲಿ. ಕಾಡಂಚಿನ ಹಾಡಿಯಿಂದ ಬರುವವರಿಗೆ ಬಸ್ ತಪ್ಪಿದರೆ ದಿನವೇ ಹೋಗುತ್ತದೆ, ಆದ್ದರಿಂದ ಓಡಾಟಕ್ಕೆ ವಾಹನ ಇಲ್ಲದೆ ಈ ಯೋಜನೆ ಮೂರು ತಿಂಗಳೂ ನಡೆಯದು.

ಬಡ್ತಿಗೆ ಅಳತೆಗೋಲು ಒಂದೇ ಇರಲಿ: ಬ್ಯಾಚ್ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವ ಅಧಿಕಾರ. ಮೊದಲ ವರ್ಷ ಹಿರಿಯರ ಜೊತೆ ಎರಡನೇ ಸಹಿ, ಮುಂದಿನ ವರ್ಷ ಮಾದರಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಒಂಟಿ ಸಹಿ. ಸಂದರ್ಶನಕ್ಕೆ ತಯಾರಿಸಿದ ಆ ನಾಲ್ಕು ಬ್ಯಾಚಿನ ಹಾಳೆಯನ್ನೇ ಅಂಕಿ ಬದಲಾಯಿಸಿ ಪರೀಕ್ಷೆಗೆ ಬಳಸಬಹುದು. ಆಯ್ಕೆಯಾಗದ ಕೊನೆಯ ಸುತ್ತಿನ ಅಭ್ಯರ್ಥಿಗಳಿಗೂ ಫೋನ್ ಮಾಡಿ, ಅಂಕ ಎಲ್ಲಿ ಕಡಿಮೆಯಾಯಿತೆಂದು ಹೇಳಿ, ಒಪ್ಪಿದರೆ ಅವರ ವಿವರ ಉಳಿಸಿಕೊಳ್ಳಿ. ಎರಡನೇ ಸಾಲಿನ ಹುದ್ದೆ ಖಾಲಿಯಾದಾಗ ಮೊದಲ ಫೋನು ಅವರಿಗೆ ಹೋಗಲಿ.